ಕಣ್ಣು ತೆರೆಸುವ ಹೊತ್ತು

ಸೂಪರ್‌ಹೀರೊ ಸಿನಿಮಾ ನೋಡಿ ಬಂದ ರಾತ್ರಿ ಪೆನ್ಸಿಲು ಕೈಗೆತ್ತಿಕೊಳ್ಳದೆ ನನಗೆ ನಿದ್ದೆ ಹತ್ತುವುದಿಲ್ಲ. ಬೆಂಗಳೂರಿನ ಒರಾಯನ್ ಮಾಲಿನಲ್ಲಿ ಕೊನೆಯ ಆಟ ಮುಗಿಸಿ, ಬಿಇಎಲ್ ವೃತ್ತ ದಾಟಿ ನಮ್ಮ ಬಡಾವಣೆ ಸಿಂಗಾಪುರ ಸೇರುವಷ್ಟರಲ್ಲಿ ಬೀದಿಯ ಮನೆಗಳ ದೀಪಗಳೆಲ್ಲ ಆರಿರುತ್ತವೆ. ಮೇಜಿನ ದೀಪವೊಂದನ್ನೇ ಹೊತ್ತಿಸಿಕೊಂಡು ಡ್ರಾಯಿಂಗ್ ಹಾಳೆ ಹರಡುತ್ತೇನೆ. ಪರದೆಯ ಮೇಲೆ ಕಟ್ಟಡಗಳು ಉರುಳಿದ್ದು, ಆಕಾಶ ಬಿರಿದದ್ದು ಅಷ್ಟರಲ್ಲೇ ಮಸುಕಾಗಿರುತ್ತದೆ. ಉಳಿದಿರುವುದು ಒಂದು ಮುಖ ಮಾತ್ರ.

ಹಾರಾಟಕ್ಕೆ ನಮ್ಮ ಕಡೆ ಬರವಿಲ್ಲ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುತ್ತಿದೆ. ಆ ದಿನಗಳಲ್ಲಿ ಉತ್ತರ ಬೆಂಗಳೂರಿನ ಮಕ್ಕಳೆಲ್ಲ ತಾರಸಿಯ ಮೇಲಿರುತ್ತಾರೆ. ವಾಯುಪಡೆಯ ಸೂರ್ಯಕಿರಣ ತಂಡದ ವಿಮಾನಗಳು ಒಂದರ ರೆಕ್ಕೆಗೊಂದು ತಾಗಿದಂತೆ ಹಾದುಹೋಗುವುದನ್ನು ಕತ್ತು ಹಿಂದಕ್ಕೆ ಚೆಲ್ಲಿ ನೋಡುತ್ತಾರೆ. ನಾನೂ ನೋಡುತ್ತೇನೆ, ಮೈ ಜುಮ್ಮೆನ್ನುತ್ತದೆ. ಆದರೂ ಸೂಪರ್‌ಹೀರೊಗಳು ನನ್ನನ್ನು ಹಿಡಿದಿಟ್ಟಿರುವುದು ಹಾರಾಟದಿಂದಲ್ಲ, ಕಣ್ಣುಗಳಿಂದ. ಭಾವಚಿತ್ರ ಬರೆಯುವವನಿಗೆ ಇಷ್ಟು ದೊಡ್ಡ ಪಾಠಶಾಲೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಫ್ಯಾಂಟಮನನ್ನು ನೆನೆಸಿಕೊಳ್ಳಿ. ಲೀ ಫಾಕ್ 1936ರಲ್ಲಿ ಹುಟ್ಟುಹಾಕಿದ ಈ ವೀರನ ಮುಖವಾಡದ ತೂತುಗಳಲ್ಲಿ ಕಣ್ಣಿನ ಗೊಂಬೆಯೇ ಇಲ್ಲ, ಬರೀ ಬಿಳುಪು. ಗ್ರೀಕರ ಕಲ್ಲಿನ ಮೂರ್ತಿಗಳ ಪಾಪೆಯಿಲ್ಲದ ನೋಟದಿಂದ ಆ ಯೋಚನೆ ಬಂತೆಂದು ಫಾಕ್ ಹೇಳಿಕೊಂಡಿದ್ದ. ಬ್ಯಾಟ್‌ಮ್ಯಾನ್ ಮೊದಲಾಗಿ ಆಮೇಲೆ ಬಂದ ಎಷ್ಟೋ ಮುಖವಾಡಿಗರಿಗೆ ಅದೇ ಬಿಳಿಗಣ್ಣು. ಫ್ಯಾಂಟಮ್ ನಮ್ಮಲ್ಲಿ ಮನೆಮಾತಾದದ್ದು 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಮೂಲಕ. ಅದರ ಹಿಂದಿದ್ದವರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ; ಮೂರು ವರ್ಷಗಳ ಮೇಲೆ ಅಮರ ಚಿತ್ರ ಕಥಾ ಕಟ್ಟಿದವರೂ ಅವರೇ. ಕನ್ನಡದಲ್ಲೂ ಬಂದ ಆ ತೆಳು ಪುಸ್ತಕಗಳನ್ನು ಓದಿದ ಹಿರಿಯರು ಇಂದಿಗೂ ಫ್ಯಾಂಟಮ್ ಹೆಸರೆತ್ತಿದರೆ ಅರಳುತ್ತಾರೆ. ಬಿಳಿಗಣ್ಣಿನವನು ದೇವರಂತಿರುತ್ತಾನೆ. ಅವನಿಗೆ ಏನನ್ನಿಸುತ್ತಿದೆ ಎಂದು ಯಾರಿಗೂ ತಿಳಿಯದು, ಅದೇ ಅವನ ಬಲ.

ಸಿನಿಮಾಕ್ಕೆ ಆ ಬಲ ಸಾಲದು. ನಟನ ಕಣ್ಣು ಮುಚ್ಚಿದರೆ ಪ್ರೇಕ್ಷಕನ ಬಾಗಿಲೂ ಮುಚ್ಚಿದಂತೆ. ಕಲಾವಿದ ಸ್ಟೀವ್ ಡಿಟ್ಕೊ 1962ರಲ್ಲಿ ಸ್ಪೈಡರ್‌ಮ್ಯಾನ್‌ಗೆ ಬರೆದ ಮುಖವಾಡ ಇಡೀ ಮುಖವನ್ನೇ ನುಂಗಿಬಿಟ್ಟಿತ್ತು. ನಿರ್ದೇಶಕ ಸ್ಯಾಮ್ ರೈಮಿ 2004ರ ‘ಸ್ಪೈಡರ್‌ಮ್ಯಾನ್ 2’ರಲ್ಲಿ ಇದಕ್ಕೆ ಕಂಡುಕೊಂಡ ದಾರಿಯನ್ನು ನಾನು ಎಷ್ಟು ಸಲ ನೋಡಿದರೂ ತಣಿಯುವುದಿಲ್ಲ. ಓಡುವ ರೈಲನ್ನು ಮೈಯೊಡ್ಡಿ ನಿಲ್ಲಿಸಿದ ಹುಡುಗ ಪ್ರಜ್ಞೆ ತಪ್ಪಿ ಬೀಳುತ್ತಾನೆ, ಮುಖವಾಡ ಅದಾಗಲೇ ಕಳಚಿದೆ. ಪ್ರಯಾಣಿಕರು ಅವನನ್ನು ತಲೆಯ ಮೇಲೆ ಹೊತ್ತು ಮೆಲ್ಲಗೆ ಒಳಗೆ ಸಾಗಿಸಿ, ಆ ಎಳೆಯ ಮುಖ ಕಂಡು ಮೂಕರಾಗುತ್ತಾರೆ. ಊರನ್ನೇ ಕಾಯುವವನನ್ನು ಆ ಗಳಿಗೆ ಊರು ಕಾಯುತ್ತದೆ. ನಟ ಟೋಬಿ ಮಗ್ವೈರನ ಆ ಮುಖ ಬರೆಯುವಾಗ ನಾನು ಗಾಯದ ಗೆರೆಗಳಿಗಿಂತ ಅರೆಬಿರಿದ ರೆಪ್ಪೆಗಳ ಮೇಲೆ ಹೆಚ್ಚು ಹೊತ್ತು ಕೂರುತ್ತೇನೆ.

ಮುಖ ಬರೆಯುವ ಕ್ರಮವೇ ಒಂದು ಸುಖ. ಎಚ್‌ಬಿ ಪೆನ್ಸಿಲಿನಲ್ಲಿ ಹಗುರಾಗಿ ಒಂದು ಮೊಟ್ಟೆಯಾಕಾರ, ಅದರ ನಟ್ಟನಡುವೆ ಅಡ್ಡಗೆರೆ. ಕಣ್ಣುಗಳ ಜಾಗ ಅದೇ. ಹಣೆಯ ಮೇಲೆ ಕೂದಲ ಕೆಳಗೆ ಎಷ್ಟೊಂದು ತಲೆಬುರುಡೆ ಇದೆ ಎಂಬುದನ್ನು ಹೊಸಬರ ಕೈ ನಂಬುವುದೇ ಇಲ್ಲ. ಮುಖದ ಅಗಲವೆಂದರೆ ಹೆಚ್ಚುಕಡಿಮೆ ಐದು ಕಣ್ಣಗಲ, ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣು ಹಿಡಿಸುವಷ್ಟು ಎಡೆ. ಆಮೇಲೆ 2ಬಿಯಲ್ಲಿ ಮೂಗಿನ ಪಕ್ಕದ ನೆರಳು, 6ಬಿಯಲ್ಲಿ ಕೂದಲಿನ ಕತ್ತಲು. ಕಣ್ಣಿನ ಗೊಂಬೆಯನ್ನು ಮಾತ್ರ ಕೊನೆಗೆ ಉಳಿಸಿಕೊಳ್ಳುತ್ತೇನೆ. ನಮ್ಮ ಶಿಲ್ಪಿಗಳು ದೇವರ ಮೂರ್ತಿಗೂ ಕಡೆಯಲ್ಲೇ ಕಣ್ಣು ತೆರೆಸುವುದು. ಗೊಂಬೆಯ ಅಂಚಿನಲ್ಲಿ ರಬ್ಬರಿನ ಮೂಲೆಯಿಂದ ಬೆಳಕಿನ ಚುಕ್ಕೆಯೊಂದನ್ನು ಎಬ್ಬಿಸಿದ ಕೂಡಲೇ ಅಲ್ಲಿಯವರೆಗೆ ಬರೀ ಸೀಸವಾಗಿದ್ದದ್ದು ನನ್ನತ್ತ ನೋಡತೊಡಗುತ್ತದೆ.

ಈ ಕಣ್ಣಿನಿಂದ ನೋಡಿದರೆ ಹಳೆಯ ಚಿತ್ರಗಳೂ ಹೊಸದಾಗುತ್ತವೆ. 1978ರ ‘ಸೂಪರ್‌ಮ್ಯಾನ್’ನಲ್ಲಿ ಕ್ರಿಸ್ಟೋಫರ್ ರೀವ್ ಕನ್ನಡಕ ತೆಗೆದು, ಬೆನ್ನು ನೆಟ್ಟಗೆ ಮಾಡಿ, ಒಂದೇ ಉಸಿರಿನಲ್ಲಿ ಗುಮಾಸ್ತನಂಥವನಿಂದ ಮಹಾವೀರನಾಗುತ್ತಾನೆ, ಮರುಕ್ಷಣ ಭುಜ ಇಳಿಬಿಟ್ಟು ಹಿಂದಿರುಗುತ್ತಾನೆ. ಬಣ್ಣವಿಲ್ಲ, ಮುಖವಾಡವಿಲ್ಲ. ಜೋಕರನ ಪಾತ್ರಕ್ಕಾದರೆ ಮುಖದ ತುಂಬ ಬಣ್ಣ. ‘ದಿ ಡಾರ್ಕ್ ನೈಟ್’ನ ಹೀತ್ ಲೆಜರ್‌ಗೆ ಅವನ ಮರಣಾನಂತರ, ‘ಜೋಕರ್’ನ ವಾಕೀನ್ ಫೀನಿಕ್ಸ್‌ಗೆ ಮುಂದೊಮ್ಮೆ, ಒಂದೇ ಪಾತ್ರಕ್ಕೆ ಇಬ್ಬರಿಗೆ ಆಸ್ಕರ್ ಬಂತು. ಇಬ್ಬರನ್ನೂ ಅಕ್ಕಪಕ್ಕ ಬರೆದು ನೋಡಿ: ಒಬ್ಬನ ನೋಟ ಎದುರಿಗಿದ್ದವರನ್ನು ಕೆದಕುತ್ತದೆ, ಇನ್ನೊಬ್ಬನದು ಕರುಣೆ ಬೇಡುತ್ತದೆ. ಇನ್ನು ಚಾಡ್ವಿಕ್ ಬೋಸ್‌ಮನ್. 2016ರಲ್ಲೇ ಕರುಳಿನ ಕ್ಯಾನ್ಸರ್ ಪತ್ತೆಯಾಗಿದ್ದರೂ ಹೊರಗೆ ಹೇಳಿಕೊಳ್ಳದೆ ‘ಬ್ಲ್ಯಾಕ್ ಪ್ಯಾಂಥರ್’ ಆದವನು ಅವನು. 2020ರಲ್ಲಿ ತೀರಿಕೊಂಡ ಮೇಲಷ್ಟೇ ಲೋಕಕ್ಕೆ ತಿಳಿಯಿತು. ಅವನ ಮುಖದ ಶಾಂತಿಯನ್ನು ಕಾಗದಕ್ಕಿಳಿಸುವಾಗ ನನ್ನ ಕೈ ತಾನಾಗಿಯೇ ನಿಧಾನವಾಗುತ್ತದೆ.

ಇದೆಲ್ಲ ಎಲ್ಲೋ ದೂರದ ಊರಿನ ಸಂಗತಿ ಎಂದುಕೊಳ್ಳಬೇಕಿಲ್ಲ. ಧೋತರ ಉಟ್ಟ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರನನ್ನು 2004ರಲ್ಲಿ ಬರೆದದ್ದು ನಮ್ಮ ಬೆಂಗಳೂರಿನ ಕಲಾವಿದ ಜೀವನ್ ಜೆ. ಕಾಂಗ್. ಆ ಹುಡುಗ 2023ರ ‘ಅಕ್ರಾಸ್ ದಿ ಸ್ಪೈಡರ್‌ವರ್ಸ್’ನಲ್ಲಿ ಜಗತ್ತಿನ ಮುಂದೆ ಜೋಕಾಲಿಯಾಡಿದ, ಚಿತ್ರ ಕನ್ನಡದಲ್ಲೂ ಬಂತು. 2025ರ ಮಲಯಾಳಂ ಚಿತ್ರ ‘ಲೋಕಃ’ದ ಚಂದ್ರ ಎಂಬ ಯಕ್ಷಿಯಂತೂ ಬಂದು ನೆಲೆಸಿದ್ದೇ ಬೆಂಗಳೂರಿನಲ್ಲಿ. ನಾವು ದಿನವೂ ಓಡಾಡುವ ಊರಿನಲ್ಲಿ ಅಂಥವಳೊಬ್ಬಳು ಬಾಡಿಗೆ ಮನೆ ಹಿಡಿದಿದ್ದಾಳೆ ಎಂಬ ಕಲ್ಪನೆ ನನಗೆ ಎಷ್ಟು ಹಿತವೆನಿಸಿತೆಂದರೆ, ಮಾರನೆಯ ದಿನ ಬಸ್ಸಿನಲ್ಲಿ ಎದುರಾದ ಪ್ರತಿ ಮುಖವನ್ನೂ ಇನ್ನಷ್ಟು ಹೊತ್ತು ನೋಡಿದೆ.

ನನ್ನ ಒಲವಿನ ತಿರುಳು ಅಲ್ಲೇ ಇದೆ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯ ಅಂಚಿನಲ್ಲಿ ಕೂತು ಭಾವಚಿತ್ರ ಬರೆಯುವವರನ್ನು ನೋಡಿದ್ದೀರಲ್ಲ? ಮುಂದೆ ಕೂತವರು ಯಾರೇ ಇರಲಿ, ಅಷ್ಟು ಹೊತ್ತು ಅವರೇ ಆ ಕಲಾವಿದನ ಪಾಲಿನ ನಾಯಕರು. ನಾನೂ ಈಗ ಸಿಂಗಾಪುರದಲ್ಲಿ ಸೊಪ್ಪು ಮಾರುವ ಅಕ್ಕನ ಮುಖ ಬರೆಯುತ್ತೇನೆ, ರಾತ್ರಿ ಪಾಳಿಯ ಕಾವಲುಗಾರ ಅಣ್ಣನದನ್ನು ಬರೆಯುತ್ತೇನೆ. “ನನ್ನ ಮುಖದಾಗೆ ಏನೈತಪ್ಪಾ ಬರಿಯಾಕೆ?” ಎಂದು ಆ ಅಕ್ಕ ಕೇಳಿದಾಗ ಹಾಳೆ ತಿರುಗಿಸಿ ತೋರಿಸಿದೆ. ತನ್ನ ಕಣ್ಣುಗಳನ್ನು ಬಹಳ ಹೊತ್ತು ನೋಡಿ, ಹಾಳೆಯನ್ನು ಮಗಳಿಗೆಂದು ಕೇಳಿ ಪಡೆದಳು.

ಮುಂದಿನ ಸೂಪರ್‌ಹೀರೊ ಚಿತ್ರ ನೋಡಿ ಬಂದಾಗ ನೀವೂ ಪೆನ್ಸಿಲು ಹಿಡಿಯಿರಿ. ಮೇಲಂಗಿ, ಲಾಂಛನ, ಸ್ನಾಯುಗಳನ್ನು ಆಮೇಲೆ ಬರೆದರಾಯಿತು. ಮೊದಲು ಕಣ್ಣು ಬರೆಯಿರಿ. ಅದು ಕೈಗೆ ದಕ್ಕಿದ ಮೇಲೆ ಮನೆಯಲ್ಲಿ ನಿಮ್ಮೆದುರು ಊಟಕ್ಕೆ ಕೂತವರ ಕಣ್ಣು ಬರೆಯಿರಿ. ನಾವು ಪರದೆಯಲ್ಲಿ ಹುಡುಕುವ ಧೈರ್ಯ, ದಣಿವು, ಅಕ್ಕರೆ ಎಲ್ಲವೂ ಅಲ್ಲೂ ಇವೆ. ಇಷ್ಟು ದಿನ ಯಾರೂ ಅಷ್ಟು ಹೊತ್ತು ಕೂತು ನೋಡಿರಲಿಲ್ಲ, ಅಷ್ಟೇ.