ಗೋಡೆ ಗಡಿಯಾರದ ಸೆಲ್ಲು ಮತ್ತು ನನ್ನ ವೂಫರು

ಅಪ್ಪನಿಗೆ ಕಿವಿ ಮಂದ. ರಾಜಾಜಿನಗರ ಇಂಡಸ್ಟ್ರಿಯಲ್ ಟೌನಿನ ಒಂದು ಪ್ರೆಸ್ ಶಾಪಿನಲ್ಲಿ ಮೂವತ್ತು ವರ್ಷ ದುಡಿದದ್ದರ ಫಲ. ಡಾಕ್ಟರ್ ಕೊಟ್ಟ ಗ್ರಾಫಿನಲ್ಲಿ ಎಡಗಡೆಯ ತಗ್ಗು ಸ್ವರಗಳು ಚೆನ್ನಾಗೇ ಇವೆ, 4000 ಹರ್ಟ್ಸ್ ಹತ್ತಿರ ಗೆರೆ ದಬಕ್ಕನೆ ಪಾತಾಳಕ್ಕೆ ಬೀಳುತ್ತೆ. ಅದಕ್ಕೇ 'ಸ', 'ತ', 'ಕ' ಎಲ್ಲ ಅವರಿಗೆ ಒಂದೇ. ಹಾಡು ಕೇಳೋದನ್ನೇ ಬಿಟ್ಟುಬಿಟ್ಟಿದ್ದರು.

ಎಡಗಡೆ ಉಳಿದಿದೆಯಲ್ಲ, ಅಲ್ಲಿಗೇ ಹಾಡು ಕಳಿಸಿದರೆ ಹೇಗೆ ಅಂತ ನನಗೊಂದು ಹುಚ್ಚು ಹೊಳೀತು. ಬೇಸ್ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ನಮ್ಮನೆ ಟೀವಿಯ ಅಂಗೈ ಅಗಲದ ಸ್ಪೀಕರಿಗೆ ಅದು ಎಟುಕದ ಮಾತು. ಸರಿ, ಸಬ್‌ವೂಫರ್ ನಾನೇ ಮಾಡ್ತೀನಿ ಅಂತ ಹೊರಟೆ. ಇಂಜಿನಿಯರ್ ಅಲ್ವಾ ನಾನು!

ಒಂದು ಶನಿವಾರ ರಾಜಾಜಿನಗರದಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವನು ಕೇಳಿದ್ದು "ಎಷ್ಟು ವ್ಯಾಟ್ ಬೇಕು ಸಾರ್?" ಅಂತ. ಆದರೆ ಮೊದಲು ಕೇಳಬೇಕಾದ್ದು ಎಷ್ಟು ಓಮ್ ಅಂತ. ನನ್ನ ಆಂಪ್ಲಿಫೈಯರ್ 4 ಓಮ್‌ಗಿಂತ ಕಮ್ಮಿ ಹೊರೆ ತಡೆಯಲ್ಲ. ಎರಡು 4 ಓಮ್ ವೂಫರ್ ಪ್ಯಾರಲಲ್ ಹಾಕಿದರೆ 2 ಓಮ್, ಆಂಪ್ ಸುಟ್ಟೀತು. ಸೀರೀಸ್ ಹಾಕಿದರೆ 8 ಓಮ್, ಪವರ್ ಅರ್ಧಕ್ಕೆ ಇಳಿಯುತ್ತೆ. ಎರಡು 8 ಓಮ್ ತಗೊಂಡು ಪ್ಯಾರಲಲ್ ಹಾಕಿದರೆ ಸರಿಯಾಗಿ 4. ಹಾಗಾಗಿ 8 ಇಂಚಿನ, 8 ಓಮಿನ ಜೋಡಿ ತಂದೆ. ಎರಡೂ ಸೇರಿದರೆ ಒಂದು 12 ಇಂಚಿನ ವೂಫರಿಗಿಂತ ಸ್ವಲ್ಪ ಕಮ್ಮಿ ಗಾಳಿ ತಳ್ಳುತ್ತವೆ ಅಷ್ಟೆ.

ಕಾಮಾಕ್ಷಿಪಾಳ್ಯದ ಬಡಗಿಯೊಬ್ಬರು 18 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಪೆಟ್ಟಿಗೆ ಮಾಡಿಕೊಟ್ಟರು. ಒಳಗಡೆ ಮೂರೂ ದಿಕ್ಕಿಗೆ 14 ಇಂಚು, ಅಂದರೆ ಸುಮಾರು 45 ಲೀಟರ್. ಎಲ್ಲೂ ತೂತಿಲ್ಲದ ಸೀಲ್ಡ್ ಪೆಟ್ಟಿಗೆ. ಎಡಕ್ಕೊಂದು, ಬಲಕ್ಕೊಂದು ವೂಫರ್. "ದೇವರ ಮಂಟಪಾನಾ ಸಾರ್?" ಅಂತ ಕೇಳಿದರು ಪಾಪ.

ಬೆಸುಗೆ ಹಾಕಿ ಮಲ್ಟಿಮೀಟರ್ ಇಟ್ಟೆ. 3.2 ಓಮ್. ಕಾಯಿಲಿನ ಡಿ.ಸಿ. ರೆಸಿಸ್ಟೆನ್ಸ್ ಯಾವಾಗಲೂ ಬರೆದದ್ದಕ್ಕಿಂತ ಕಮ್ಮಿಯೇ ಇರುತ್ತೆ, ಸರಿಯಾಗಿದೆ ಅಂದುಕೊಂಡೆ. ಹಾಡು ಹಾಕಿದರೆ... ಬೇಸೇ ಇಲ್ಲ! ಎರಡು ಸಂಜೆ ಲ್ಯಾಪ್‌ಟಾಪಿನ ಸೆಟ್ಟಿಂಗು ತಿರುಗಿಸಿದ್ದೇ ತಿರುಗಿಸಿದ್ದು.

ಮೂರನೇ ಸಂಜೆ ಅಪ್ಪ ಪೆಟ್ಟಿಗೆ ಮೇಲೆ ಕೈಯಿಟ್ಟು, "ಸದ್ದಿಲ್ಲ ಅಂತೀಯ, ಪೆಟ್ಟಿಗೆ ಮಾತ್ರ ಗಡಗಡ ಅಂತಿದೆಯಲ್ಲೋ" ಅಂದರು. ಆಮೇಲೆ ಸ್ಟೂಲ್ ಹತ್ತಿ ಗೋಡೆ ಗಡಿಯಾರದಿಂದ ಒಂದೂವರೆ ವೋಲ್ಟಿನ ಸೆಲ್ಲು ತೆಗೆದು, ಹಿಂದಿನ ಎರಡು ವೈರಿಗೆ ಮುಟ್ಟಿಸು ಅಂದರು. ತಾವು ಎರಡೂ ಕೋನಿನ ಮೇಲೆ ಮೆಲ್ಲಗೆ ಬೆರಳಿಟ್ಟರು. ಟಕ್! "ಇದು ಹೊರಗೆ ಬಂತು, ಅದು ಒಳಗೆ ಹೋಯ್ತು."

ಕೆಂಪು ವೈರ್ ಮುಗಿದಿತ್ತು ಅಂತ ಒಂದು ವೂಫರಿಗೆ ಎರಡೂ ಕಪ್ಪು ವೈರ್ ಬಳಸಿದ್ದೆ. ಪ್ಲಸ್ಸು ಮೈನಸ್ಸು ಅದಲುಬದಲು. ಒಂದು ಗಾಳಿ ತಳ್ಳಿದರೆ ಇನ್ನೊಂದು ಎಳೀತಿತ್ತು, ಬೇಸ್ ಸೊನ್ನೆ. ಕೋನುಗಳೆರಡೂ ಒಂದೇ ದಿಕ್ಕಿಗೆ ಓಡಿ ಪೆಟ್ಟಿಗೆಯನ್ನೂ ಜೊತೆಗೆ ಎಳೆದಾಡುತ್ತಿದ್ದವು. ಮಲ್ಟಿಮೀಟರಿಗೆ ಹಿಂದುಮುಂದು ಗೊತ್ತಾಗಲ್ಲ, ಸೆಲ್ಲಿಗೆ ಗೊತ್ತಾಗುತ್ತೆ. ಐಟಿಐ ಓದಿದ ಅಪ್ಪನಿಗೂ ಗೊತ್ತಾಗುತ್ತೆ!

ವೈರ್ ತಿರುಗಿಸಿ 'ಗೀತಾ' ಹಾಕಿದೆ. 1981ರ ಶಂಕರ್‌ನಾಗ್ ಸಿನಿಮಾ, ಇಳಯರಾಜ ಸಂಗೀತ. ಈಗ ಪೆಟ್ಟಿಗೆ ತೆಪ್ಪಗೆ ಕೂತಿತ್ತು, ಅಲ್ಲಾಡಿದ್ದು ಶೋಕೇಸಿನ ಗಾಜು. ಅಪ್ಪ ಎದೆ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ಕೂತರು. ಸಾಹಿತ್ಯ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಕಾಲು ಮಾತ್ರ ತಾಳ ಹಾಕ್ತಿತ್ತು, ಒಂದೂ ತಪ್ಪದೆ. ಮೇಲಿನ ಮನೆಯವರು ಬಾಗಿಲು ತಟ್ಟಿದ್ದು ನನಗಷ್ಟೇ ಕೇಳಿಸಿತು. "ಇನ್ನೊಂದ್ಸಲ ಹಾಕು" ಅಂದರು ಅಪ್ಪ. ಹಾಕಿದೆ.

ಸೆಲ್ಲು ವಾಪಸ್ ಹಾಕೋದು ಇಬ್ಬರಿಗೂ ಮರೆತೇಹೋಗಿತ್ತು. ಬೆಳಗ್ಗೆ ಗಡಿಯಾರದಲ್ಲಿ ಏಳೂ ಇಪ್ಪತ್ತು ಅಂತ ಆರಾಮಾಗಿ ಕಾಫಿ ಕುಡಿದೆ. ಆಫೀಸಿನ ಕ್ಯಾಬ್ ಹೋಗಿ ಮುಕ್ಕಾಲು ಗಂಟೆ ಆಗಿತ್ತು.