ದೋಣಿಗಲ್: ಎಲ್ಲರೂ ದಾಟಿ ಹೋಗುವ ಊರು

ಬೆಂಗಳೂರಿಂದ ಧರ್ಮಸ್ಥಳಕ್ಕೋ, ಸುಬ್ರಹ್ಮಣ್ಯಕ್ಕೋ, ಮಂಗಳೂರಿಗೋ ರಸ್ತೆಯಲ್ಲಿ ಹೋಗಿದ್ದೀರಾ? ಹಾಗಾದ್ರೆ ನೀವು ದೋಣಿಗಲ್ ನೋಡಿದ್ದೀರಿ. ಗಮನಿಸಿರಲ್ಲ, ಅಷ್ಟೇ. ಸಕಲೇಶಪುರ ಬಿಟ್ಟು ಹತ್ತು ನಿಮಿಷಕ್ಕೆ ಮಂಜರಾಬಾದ್ ಕೋಟೆಯ ಬೋರ್ಡ್ ಬರುತ್ತೆ. ಅದರ ಆಸುಪಾಸಿನಲ್ಲಿ ಒಂದಷ್ಟು ಅಂಗಡಿ, ಟೀ ಹೋಟೆಲ್, ಕಾಫಿ ತೋಟದ ಗೇಟುಗಳು. ಬಸ್ಸಿನಲ್ಲಿದ್ದರೆ ಆ ಹೊತ್ತಿಗೆ ನೀವು ನಿದ್ದೇಲಿರ್ತೀರಿ. ಕಾರಲ್ಲಿದ್ದರೆ ಮುಂದೆ ಶಿರಾಡಿ ಘಾಟಿ, ಹಿಂದಿನ ಸೀಟಲ್ಲಿ ಯಾರಿಗೆ ವಾಂತಿ ಬರುತ್ತೆ ಅನ್ನೋ ಚರ್ಚೆ ನಡೀತಿರುತ್ತೆ. ಅಷ್ಟರಲ್ಲಿ ಊರು ಮುಗಿದಿರುತ್ತೆ.

ನನಗೆ ಅದು ಅಜ್ಜಿ ಊರು. ಅಜ್ಜಿ ಈಗಿಲ್ಲ, ಹೆದ್ದಾರಿಯ ಮೇಲ್ಬದಿಯ ಗುಡ್ಡದಲ್ಲಿರೋ ಆ ಹಂಚಿನ ಮನೆಯಲ್ಲಿ ದೊಡ್ಡಪ್ಪ ಇದ್ದಾರೆ. ಜೊತೆಗೆ ಒಂದೂವರೆ ಎಕರೆ ಕಾಫಿ, ನಾಲ್ಕು ಬಳ್ಳಿ ಮೆಣಸು. ಮಳೆಗಾಲಕ್ಕೆ ಮುಂಚೆ ಆ ಮನೆ ಖಾಲಿ ಮಾಡಬೇಕಾ ಬೇಡವಾ ಅನ್ನೋ ಮಾತು ಈ ಬೇಸಿಗೆಯಲ್ಲಿ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಎದ್ದಿತು. ಬೆಂಗಳೂರಲ್ಲಿ ಕೂತು ಕೋಡ್ ಬರೆಯೋ ನಾನು, ಮೊದಲ ಸಲ ಈ ಊರಿನ ಬಗ್ಗೆ ಸರಿಯಾಗಿ ಓದೋಕೆ ಕೂತೆ. ಓದ್ತಾ ಹೋದ ಹಾಗೆ ಅರ್ಥವಾಗಿದ್ದು ಇಷ್ಟು: ಇಲ್ಲಿಗೆ ಬಂದ ದೊಡ್ಡವರೆಲ್ಲ ಊರಿಗಾಗಿ ಬಂದವರಲ್ಲ, ದಾರಿಗಾಗಿ ಬಂದವರು. ಒಬ್ಬೊಬ್ಬರೂ ಗುಡ್ಡವನ್ನ ಒಂದಿಷ್ಟು ಕಡಿದು ಮುಂದೆ ಹೋದರು.

ಮೊದಲು ಹೆಸರು. ಬೆಟ್ಟದ ತುದಿಯ ಊರಿಗೆ ದೋಣಿ ಎಲ್ಲಿಂದ ಬಂತು ಅಂತ ಆಫೀಸಿನಲ್ಲಿ ನನ್ನನ್ನ ತುಂಬಾ ಜನ ಕೇಳಿದ್ದಾರೆ. ನಮ್ಮಲ್ಲಿ ದೋಣಿ ಅಂದ್ರೆ ಹೊಳೆ ದಾಟಿಸೋದು ಮಾತ್ರ ಅಲ್ಲ. ದನಗಳಿಗೆ ನೀರು ತುಂಬಿಸಿಡೋ ಕಲ್ಲಿನ ತೊಟ್ಟಿಗೂ ದೋಣಿ ಅಂತಾರೆ. ಘಟ್ಟ ಹತ್ತಿ ಬಂದ ಹೇರೆತ್ತುಗಳಿಗೆ ನೀರು ಕುಡಿಸೋ ಕಲ್ಲಿನ ದೋಣಿ ಇಲ್ಲಿತ್ತು, ಅದಕ್ಕೇ ಈ ಹೆಸರು ಅನ್ನೋದು ದೊಡ್ಡಪ್ಪನ ವಾದ. ಟೀ ಹೋಟೆಲಿನವರು ಬೇರೆ ಕಥೆ ಹೇಳ್ತಾರೆ. ನನಗೆ ದೊಡ್ಡಪ್ಪನದೇ ಇಷ್ಟ, ಯಾಕಂದ್ರೆ ನಮ್ಮ ಕೊಟ್ಟಿಗೆ ಮುಂದೆ ಅಂಥದ್ದೊಂದು ದೋಣಿ ಇವತ್ತಿಗೂ ಇದೆ.

ಈ ಸೀಮೆಗೆ ಹಿಂದೆ ಬಲಂ ಅಂತ ಹೆಸರು. ಐಗೂರಿನ ಪಾಳೆಯಗಾರರದ್ದು. ಟಿಪ್ಪು ಸುಲ್ತಾನ್ ಇಲ್ಲಿ ಕೋಟೆ ಕಟ್ಟಿಸಿ ಮುಗಿಸಿದ್ದು 1792ರಲ್ಲಿ. ಕೋಟೆ ನೋಡೋಕೆ ಬಂದಾಗ ಮಂಜು ಮುಚ್ಚಿಕೊಂಡಿತ್ತಂತೆ, ಅದಕ್ಕೆ ಮಂಜರಾಬಾದ್ ಅಂದನಂತೆ ಅನ್ನೋ ಕಥೆ ಎಲ್ಲರಿಗೂ ಗೊತ್ತು. ನನ್ನಂಥ ಎಂಜಿನಿಯರ್‌ಗೆ ಕುತೂಹಲ ಅನ್ಸೋದು ಅದರ ಆಕಾರ. ಎಂಟು ಮೂಲೆಯ ನಕ್ಷತ್ರ. ಫ್ರೆಂಚರ ಮಾದರಿ. ಡ್ರೋನ್ ಫೋಟೋ ನೋಡಿ ‘ವಾವ್’ ಅಂತ ಬಂದವರು ಮೇಲೆ ಹತ್ತಿದ ಮೇಲೆ ಪೆಚ್ಚಾಗ್ತಾರೆ, ನೆಲದ ಮೇಲೆ ನಿಂತರೆ ನಕ್ಷತ್ರವೇ ಕಾಣಲ್ಲ! ಅದು ಚಂದಕ್ಕೆ ಮಾಡಿದ್ದಲ್ಲ. ಒಂದು ಮೂಲೆಯಿಂದ ಪಕ್ಕದ ಮೂಲೆಯ ಗೋಡೆಬುಡ ಪೂರ್ತಿ ಕಾಣಬೇಕು, ಗೋಡೆ ಹತ್ತೋಕೆ ಬಂದವನಿಗೆ ಬಚ್ಚಿಟ್ಟುಕೊಳ್ಳೋಕೆ ಒಂದಿಂಚು ಜಾಗ ಸಿಗಬಾರದು. ಕರಾವಳಿಯಿಂದ ಘಟ್ಟ ಹತ್ತಿ ಬರೋ ದಾರಿಯನ್ನ ಕಾಯೋದು ಇದರ ಕೆಲಸ. ಹೋದರೆ ಬಾಗಿಲಲ್ಲಿ ಒಮ್ಮೆ ತಲೆ ಎತ್ತಿ, ಚಾವಣಿಯಲ್ಲಿ ಕೋಟೆಯ ನಕ್ಷೆಯನ್ನೇ ಕೆತ್ತಿದ್ದಾರೆ. ಸೆಲ್ಫಿಗೆ ಓಡೋರು ಅದರ ಕೆಳಗೇ ಓಡಿಹೋಗ್ತಾರೆ.

ಏಳೇ ವರ್ಷ. 1799ರಲ್ಲಿ ಟಿಪ್ಪು ಸತ್ತ. ಬಲಂನ ಪಾಳೆಯಗಾರ ಕಾಡು ನಂಬಿಕೊಂಡು ಇಂಗ್ಲಿಷರಿಗೆ ಎದುರು ನಿಂತ. 1802ರ ಜನವರಿಯಲ್ಲಿ ಅವನನ್ನ ಹಿಡಿಯೋಕೆ ಸೈನ್ಯ ತಗೊಂಡು ಬಂದವನು ಆರ್ಥರ್ ವೆಲ್ಲೆಸ್ಲಿ. ಹೌದು, ಹದಿಮೂರು ವರ್ಷ ಆದ ಮೇಲೆ ವಾಟರ್ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದ ಅದೇ ಮನುಷ್ಯ. ಮುಂದಿನ ತಿಂಗಳು ಪಾಳೆಯಗಾರನನ್ನ ಹಿಡಿದು ನೇಣಿಗೆ ಹಾಕಿದರು. ವಾಟರ್ಲೂ ಬಗ್ಗೆ ನಾವು ಹೈಸ್ಕೂಲಲ್ಲಿ ಐದು ಮಾರ್ಕಿನ ಪ್ರಶ್ನೆ ಬರೆದಿದ್ದೇವೆ. ಮನೆಯಿಂದ ಬಸ್ಸಿನಲ್ಲಿ ಹೋಗಿಬರೋ ದೂರದ ಐಗೂರಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಸೈನ್ಯ ಹೋದ ಮೇಲೆ ಕಾಫಿಯವರು ಬಂದರು. 1843ರಲ್ಲಿ ಫ್ರೆಡರಿಕ್ ಗ್ರೀನ್ ಅನ್ನೋನು ಮಂಜರಾಬಾದ್ ಸೀಮೆಯಲ್ಲಿ ತೋಟ ಶುರು ಮಾಡಿದ. 1850ರ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ ಅನ್ನೋ ಸ್ಕಾಟ್ಲೆಂಡಿನ ಹುಡುಗ ಇಲ್ಲೇ ತೋಟ ಮಾಡಿ, ಇಲ್ಲಿನ ಬದುಕಿನ ಮೇಲೆ ಪುಸ್ತಕಗಳನ್ನೇ ಬರೆದ. 1894ರದ್ದು ಇಂಟರ್‌ನೆಟ್ಟಿನಲ್ಲಿ ಫ್ರೀಯಾಗಿ ಸಿಗುತ್ತೆ, ನಾನು ಮೆಟ್ರೋದಲ್ಲಿ ಫೋನಲ್ಲೇ ಓದಿದ್ದು. ಹುಲ್ಲಿನ ಬೋಳುಗುಡ್ಡ, ಅದರ ಮಡಿಲಲ್ಲಿ ಕಾಡು, ನಡುವೆ ಗದ್ದೆ. ಇದನ್ನ ನೋಡಿದ ಬಿಳಿಯರಿಗೆ ತಮ್ಮೂರಿನ ಶ್ರೀಮಂತರ ಪಾರ್ಕುಗಳು ನೆನಪಾಗ್ತಿದ್ದವು. ಆರು ಸಾವಿರ ಮೈಲಿ ದೂರ ಬಂದು ತಮ್ಮ ಊರನ್ನೇ ಹುಡುಕೋದು ಎಂಥ ಆಸೆ ನೋಡಿ. ಕೋರಮಂಗಲದ ಹೋಟೆಲಲ್ಲಿ ಅಕ್ಕಿರೊಟ್ಟಿ ಆರ್ಡರ್ ಮಾಡೋ ನನಗೆ ಅದನ್ನ ಆಡಿಕೊಳ್ಳೋ ಹಕ್ಕಿಲ್ಲ.

ಸಕಲೇಶಪುರ ಪೇಟೆಯಲ್ಲಿ ಆ ಕಾಲದ ಗುರುತು ಈಗಲೂ ಇದೆ. ಮಂಜರಾಬಾದ್ ಕ್ಲಬ್ ಹುಟ್ಟಿದ್ದು 1893ರಲ್ಲಿ. ಸರ್ಕಾರಿ ಆಸ್ಪತ್ರೆಯನ್ನ ಇಂದಿಗೂ ಜನ ಕ್ರಾಫರ್ಡ್ ಆಸ್ಪತ್ರೆ ಅಂತಲೇ ಕರೀತಾರೆ, ಕ್ರಾಫರ್ಡ್ ಒಬ್ಬ ತೋಟದ ದೊರೆ. ಅಡ್ಡಮಳೆಯಲ್ಲಿ ಬಂಗಲೆಯ ಜಗಲಿಯಲ್ಲಿ ಕೂತು ಕಾಫಿ ಕುಡಿಯೋ ಅನುಭವಕ್ಕೆ ಈಗ ಹೋಮ್‌ಸ್ಟೇಗಳು ಒಳ್ಳೆ ದುಡ್ಡು ತಗೊಳ್ತವೆ. ನಾನೂ ಟೀಮ್ ಔಟಿಂಗಿಗೆ ಒಂದರಲ್ಲಿ ಉಳಿದಿದ್ದೆ. ಕೆಂಪು ನೆಲ, ಬೆಂಕಿಗೂಡು, ಗೋಡೆ ಮೇಲೆ ಕಡವೆ ಕೊಂಬು. ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹಿಸ್ಟರಿ ಅಂತ ಅಲ್ಲಿ ಫ್ರೇಮ್ ಹಾಕಿಟ್ಟಿದ್ದರಲ್ಲಿ ದೊರೆ ಇದ್ದ, ದೊರೆಸಾನಿ ಇದ್ದಳು, ಎರಡು ನಾಯಿ ಕೂಡ ಇದ್ದವು. ಕಾಫಿ ಕುಯ್ದವರು ಇರಲಿಲ್ಲ.

ನಮ್ಮ ಮುತ್ತಜ್ಜಿ ಕುಯ್ದವಳು. ಘಟ್ಟದ ಕೆಳಗಿನವಳು. ಆಗ ಮೇಸ್ತ್ರಿಗಳು ಕೆಳಗಿನ ಹಳ್ಳಿಗಳಿಗೆ ಹೋಗಿ ಮುಂಗಡ ಕೊಟ್ಟು ಆಳುಗಳನ್ನ ಗುಂಪು ಕಟ್ಟಿ ಕರಕೊಂಡು ಬರ್ತಿದ್ರು. ಶಿರಾಡಿ ದಾರಿಯಲ್ಲಿ ನಡೆದು ಹತ್ತಿದಳಂತೆ, ತಲೆ ಮೇಲೆ ಒಂದು ಮಡಕೆ, ಕಂಕುಳಲ್ಲಿ ನಮ್ಮಜ್ಜಿ. ಲೈನ್ ಮನೆ, ಚಳಿಜ್ವರ, ಜಿಗಣೆ. ಮುಂಗಡ ತೀರಿದ ಮೇಲೆ ಕೆಳಗೆ ಹೋಗ್ತೀನಿ ಅಂತಲೇ ಇದ್ದವಳು ಹೋಗಲೇ ಇಲ್ಲ. ಸಾಯೋ ತನಕ ತುಳು ಬಿಡಲಿಲ್ಲ. ನಮ್ಮ ತಲೆಮಾರಿಗೆ ಉಳಿದಿರೋ ತುಳು ಅಂದ್ರೆ ನಾಲ್ಕು ಬೈಗುಳ, ಒಂದು ಮೀನಿನ ಸಾರು.

ಎಲಿಯಟ್ ಕಾಲದ ಒಂದು ವಿಷಯ ಮಾತ್ರ ಹೇಳಲೇಬೇಕು. ಮೊದಮೊದಲು ಬಿಳಿಯರು ಕಾಡನ್ನ ಪೂರ್ತಿ ಸವರಿ, ಸುಟ್ಟು, ಬಿಸಿಲಿಗೆ ಕಾಫಿ ಹಾಕಿದ್ದರು. 1860ರ ದಶಕದಲ್ಲಿ ಕಾಂಡಕೊರಕ ಬಂದು ತೋಟಕ್ಕೆ ತೋಟವೇ ಒಣಗಿದ ಮೇಲೆ ಬುದ್ಧಿ ಬಂತು, ಮತ್ತೆ ನೆರಳಿನ ಮರ ಬೆಳೆಸಿದರು. ಅತ್ತಿ, ಬಸರಿ, ಗೋಣಿ, ಹಲಸು. ಇವತ್ತು ನಾವು ಘಾಟಿ ಮೇಲೆ ನೋಡಿ ಹಸಿರು ಅಂತ ಖುಷಿಪಡೋ ಎಷ್ಟೋ ಜಾಗ ಒಮ್ಮೆ ಕಡಿದು, ಕೆಟ್ಟು, ಮತ್ತೆ ಬೆಳೆಸಿದ್ದು.

ಇನ್ನು ರೈಲು. ನಮ್ಮ ಊರಿಗೆ ಹೆಸರು ಬಂದಿದ್ದೇ ಅದರಿಂದ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ 55 ಕಿ.ಮೀ. ಆದರೆ ಇಳಿಯಬೇಕಾಗಿದ್ದು ಹತ್ತಿರ ಹತ್ತಿರ 800 ಮೀಟರ್. ಅದಕ್ಕೆ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 50 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ, ರೈಲಿಗೆ ಇದು ಬಹಳ ಕಡಿದಾದ ಇಳಿಜಾರು. ಈಗಲೂ ಮೇಲೆ ಹತ್ತೋ ರೈಲಿಗೆ ಹಿಂದಿನಿಂದ ತಳ್ಳೋಕೆ ಬೇರೆ ಎಂಜಿನ್ ಕಟ್ತಾರೆ. 1960ರ ದಶಕದಲ್ಲಿ ಕೆಲಸ ಶುರುವಾಗಿ ಮೀಟರ್‌ಗೇಜ್ ಲೈನ್ ಪೂರ್ತಿಯಾಗಿದ್ದು 1979ರಲ್ಲಿ. ಮೀಸೆ ಸರಿಯಾಗಿ ಬಾರದ ವಯಸ್ಸಲ್ಲಿ ದೊಡ್ಡಪ್ಪ ಸುರಂಗದ ಕೂಲಿಗೆ ಸೇರಿದ್ದರು. ಮದ್ದು ಇಟ್ಟು ಸಿಡಿಸಿದ ಮೇಲೆ ಕಲ್ಲು ಹೊರೋ ಕೆಲಸ. ‘ಕಲ್ಲಿಗೆ ಹೆದರಬಾರದು ಕಣೋ ಮಗ, ನೀರಿಗೆ ಹೆದರಬೇಕು’ ಅಂತಾರೆ. ಸುರಂಗದೊಳಗೆ ಎಲ್ಲಿ ನೀರು ಜಿನುಗುತ್ತೋ ಅಲ್ಲಿ ಗೋಡೆಗೆ ತೂತು ಬಿಟ್ಟೇ ಕಟ್ಟಬೇಕು, ಮುಚ್ಚಿದರೆ ಒಂದಲ್ಲ ಒಂದು ದಿನ ಗೋಡೆಯನ್ನೇ ತಳ್ಳುತ್ತೆ. ಎಂಜಿನಿಯರಿಂಗ್ ಕಾಲೇಜಿಗೆ ಹೋಗದೆ ಅವರು ಕಲಿತ ಪಾಠ ಇದು.

1996ರಲ್ಲಿ ಬ್ರಾಡ್‌ಗೇಜ್ ಮಾಡೋಕೆ ಅಂತ ರೈಲು ನಿಲ್ಲಿಸಿದರು. ಆಗ ಶುರುವಾಗಿದ್ದೇ ನಿಮ್ಮ ಸೀನಿಯರ್‌ಗಳು, ಅಣ್ಣಂದಿರು ಇವತ್ತಿಗೂ ಕಣ್ಣು ಮುಚ್ಚಿ ಹೇಳೋ ‘ಗ್ರೀನ್ ರೂಟ್’ ಟ್ರೆಕ್. ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ದೋಣಿಗಲ್, ಅಲ್ಲಿಂದ ಹಳಿ ಹಿಡಿದು ಕಡಗರವಳ್ಳಿ ಮೇಲೆ ಎಡಕುಮರಿವರೆಗೆ 18 ಕಿ.ಮೀ. ಹತ್ತಿರ ನಡಿಗೆ. ಕತ್ತಲ ಸುರಂಗ, ಬಾವಲಿ, ಕಾಲ ಕೆಳಗೆ ಆಳದಲ್ಲಿ ಹೊಳೆ. ಅಜ್ಜಿ ಅಂಥ ಎಷ್ಟೋ ಹುಡುಗರಿಗೆ ಬಿಸಿ ಕಡುಬು ಹಾಕಿದ್ದಳು. ‘ದುಡ್ಡು ಕೊಟ್ಟು ಓದಿಸಿದ ಮಕ್ಕಳು, ಬಸ್ಸಿರೋವಾಗ ನಡೀತಾವಲ್ಲೋ’ ಅನ್ನೋದು ಅವಳ ಆಶ್ಚರ್ಯ. ಅವಳಮ್ಮ ಬಸ್ಸಿಲ್ಲದೆ ನಡೆದು ಬಂದವಳು ತಾನೇ.

2006ರಲ್ಲಿ ಗೂಡ್ಸ್ ರೈಲು, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು ಶುರುವಾದವು. ಈಗ ಹಳಿ ಮೇಲೆ ನಡೆಯೋದು ನಿಷೇಧ, ಸರಿಯಾದ ನಿಷೇಧವೇ. ಸುರಂಗದಲ್ಲಿ ಎದುರು ರೈಲು ಬಂದರೆ ಪಕ್ಕಕ್ಕೆ ಸರಿಯೋಕೆ ಜಾಗ ಇರಲ್ಲ. ಹಳೇ ಟ್ರೆಕ್ ನೆನೆದು ‘ಅದೆಲ್ಲ ಹೋಯ್ತು’ ಅಂತ ಕೊರಗೋರಿಗೆ ನನ್ನದೊಂದೇ ಮಾತು: ನೀವು ನೋಡಿದ ಆ ನಿಶ್ಶಬ್ದ ಹತ್ತು ವರ್ಷದ್ದು, ಅದೂ ನಮ್ಮವರಿಗೆ ರೈಲಿಲ್ಲದ ಹತ್ತು ವರ್ಷ. ಹಗಲು ರೈಲಿನ ಟಿಕೆಟ್ ತಗೊಳ್ಳಿ, 2021ರಿಂದ ಗಾಜಿನ ವಿಸ್ಟಾಡೋಮ್ ಬೋಗಿಯೂ ಇದೆ. ಆಗಸ್ಟಿನಲ್ಲಿ ಹೋದರೆ ಪ್ರತಿ ತಿರುವಿನಲ್ಲೂ ಒಂದು ಹೊಸ ಜಲಪಾತ.

ಆದರೆ ಅದೇ ಮಳೆ ನಮ್ಮ ಮನೇಲಿ ನಿದ್ದೆ ಕೆಡಿಸುತ್ತೆ. ಹೆದ್ದಾರಿ ನಾಲ್ಕು ಪಥ ಆಗೋಕೆ ಶುರುವಾದ ಮೇಲೆ ಗುಡ್ಡವನ್ನ ಬುಡದಲ್ಲಿ ಗೋಡೆಯ ಹಾಗೆ ನೆಟ್ಟಗೆ ಕೊಯ್ದಿದ್ದಾರೆ. ನಮ್ಮಲ್ಲಿ ಮೇಲಿರೋದು ಕೆಂಪು ಮಣ್ಣು, ನೀರು ಕುಡಿದು ಕುಡಿದು ಭಾರವಾಗುತ್ತೆ. ಕಾಲು ತೆಗೆದ ಮೇಲೆ ಆ ಭಾರ ನಿಲ್ಲೋದು ಯಾವುದರ ಮೇಲೆ? 2021ರ ಜುಲೈನಲ್ಲಿ ದೋಣಿಗಲ್ ಹತ್ತಿರ ರಸ್ತೆಯೇ ಕುಸಿದು ವಾಹನ ಸಂಚಾರ ನಿಲ್ಲಿಸಿದರು. 2022ರ ಜುಲೈನಲ್ಲಿ ಮತ್ತೆ. 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಜಾರಿತು, ಅದೇ ತಿಂಗಳ 26ರಂದು ಕಡಗರವಳ್ಳಿ–ಎಡಕುಮರಿ ನಡುವೆ ಹಳಿಯ ಬುಡದ ಮಣ್ಣು ಹೋಗಿ ಸುಮಾರು ಎರಡು ವಾರ ರೈಲೂ ಇಲ್ಲ. ಟಿವಿಯಲ್ಲಿ ‘ಸಂಚಾರ ಅಸ್ತವ್ಯಸ್ತ’ ಅಂತ ಬರುತ್ತೆ. ದಾಟಿ ಹೋಗುವವರ ಕಷ್ಟ ಅದು, ಬೇಗ ಸುದ್ದಿಯಾಗುತ್ತೆ. ಗುಡ್ಡದ ಮೇಲಿನ ಮನೆಯವರು ಬರೋದು ಬಿದ್ದ ಮೇಲೆ. ರಸ್ತೆ ಬೇಡ ಅಂತ ನಾನು ಹೇಳಲ್ಲ, ನಾನೇ ಅದೇ ರಸ್ತೆಯಲ್ಲಿ ನಾಲ್ಕು ಗಂಟೆಯಲ್ಲಿ ಮನೆ ಸೇರ್ತೀನಿ. ದೊಡ್ಡಪ್ಪ ಐವತ್ತು ವರ್ಷದ ಹಿಂದೆ ಕಲಿತ ಪಾಠವನ್ನ ಕೊಯ್ದವರು ಯಾಕೆ ಕಲಿತಿಲ್ಲ ಅನ್ನೋದಷ್ಟೇ ನನ್ನ ಸಿಟ್ಟು.

ಕಳೆದ ಮಳೆಗಾಲದಲ್ಲಿ ಅಂಗಳದ ಅಂಚಿನಲ್ಲಿ ಒಂದು ಬಿರುಕು ಬಂತು, ಬೆರಳು ಹೋಗುವಷ್ಟು. ದೊಡ್ಡಪ್ಪ ಅದಕ್ಕೆ ಜೇಡಿಮಣ್ಣು ಮೆತ್ತಿ, ಮೇಲಿನಿಂದ ಬರೋ ನೀರನ್ನ ಚರಂಡಿ ಹೊಡೆದು ಪಕ್ಕಕ್ಕೆ ತಿರುಗಿಸಿದ್ದಾರೆ. ಈ ಬೇಸಿಗೆಯಲ್ಲಿ ನೋಡಿದರೆ ಎರಡು ಬೆರಳು ಹೋಗುತ್ತೆ. ಗ್ರೂಪಿನಲ್ಲಿ ಮೂರು ವಾರ ಜಗಳ ಆಡಿದ ಮೇಲೆ ತೀರ್ಮಾನ ಆಯ್ತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರದಲ್ಲಿ ಬಾಡಿಗೆ ಮನೆ, ಕುಯ್ಲಿಗೆ ವಾಪಸ್. ತೋಟ ಮಾರೋ ಮಾತು ಸದ್ಯಕ್ಕಿಲ್ಲ.

ಮೇ ಕೊನೆಗೆ ಸಾಮಾನು ಸಾಗಿಸೋಕೆ ನಾನೂ ರಜೆ ಹಾಕಿ ಹೋಗಿದ್ದೆ. ಪಾತ್ರೆ, ಹಾಸಿಗೆ, ಮೆಣಸಿನ ಚೀಲ ಎಲ್ಲ ಒಂದು ಪಿಕಪ್‌ನಲ್ಲಿ ಹೋಯ್ತು. ಹಸುವನ್ನ ಪಕ್ಕದ ಊರಿನ ಅತ್ತೆ ಮನೆಗೆ ಕಳಿಸಿದ್ದಾಯ್ತು. ಕೊನೆಗೆ ಕಲ್ಲಿನ ದೋಣಿ ಉಳೀತು. ‘ದೊಡ್ಡಪ್ಪ, ಅದನ್ನೇನು ಮಾಡೋದು?’ ಅಂದೆ. ಜೆಸಿಬಿಯವನಿಗೆ ಫೋನ್ ಮಾಡಿದರೆ ಎರಡು ಸಾವಿರ ಆಗುತ್ತೆ ಅಂದ. ದೊಡ್ಡಪ್ಪ ಬೇಡ ಅಂದರು. ತಳದ ತೂತಿಗೆ ಹಾಕಿದ್ದ ಬಟ್ಟೆ ಬಿರಡೆ ಕಿತ್ತು, ಮಳೆ ನೀರು ನಿಲ್ಲದ ಹಾಗೆ ಮಾಡಿ, ಮನೆ ಬೀಗ ಹಾಕಿದರು.