ಉರಿಬಿಸಿಲಲ್ಲಿ ಹೊಲಿದ ಕೌದಿ

ರಾಯಚೂರು ಸೀಮೆಯ ಜನ ತಮ್ಮ ಊರಿನ ಹವೆಯನ್ನು ತಾವೇ ಹಾಸ್ಯ ಮಾಡಿಕೊಳ್ಳುವುದುಂಟು. ಇಲ್ಲಿರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು. ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು, ಆದರೆ ಸುಳ್ಳಿಲ್ಲ. 1928ರ ಮೇ 23ರಂದು ರಾಯಚೂರಿನಲ್ಲಿ ದಾಖಲಾದ 45.6 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ರಾಜ್ಯದ ಹವಾಮಾನದ ಮಾತು ಬಂದಾಗಲೆಲ್ಲ ಉಲ್ಲೇಖಿಸುತ್ತ ಬರಲಾಗಿದೆ. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ದಾಟುವುದು ಇಲ್ಲಿ ಸುದ್ದಿಯೇ ಅಲ್ಲ.

ಇಂಥ ಸೀಮೆಯಲ್ಲಿ, ಇಂಥದೇ ತಿಂಗಳಲ್ಲಿ, ಮನೆಮನೆಯ ಪಡಸಾಲೆಯಲ್ಲಿ ಕೂತು ಹೆಂಗಸರು ಕೌದಿ ಹೊಲಿಯುತ್ತಾರೆ. ಹೊದಿಕೆಯ ಹೆಸರೆತ್ತಿದರೇ ಬೆವರೊಡೆಯುವ ಹೊತ್ತಿನಲ್ಲಿ ಹೊದಿಕೆ ಹೊಲಿಯುವುದೇಕೆ? ಹೊರಗಿನಿಂದ ಬಂದವರಿಗೆ ಇದೊಂದು ಒಗಟು. ಈ ಒಗಟನ್ನು ಬಿಡಿಸಬೇಕಾದರೆ ಇಲ್ಲಿನ ಬೇಸಿಗೆಯ ಒಂದು ದಿನ ಹೇಗೆ ಸಾಗುತ್ತದೆ ಎಂಬುದನ್ನು ನಸುಕಿನಿಂದಲೇ ನೋಡಬೇಕು.

ನಸುಕು: ರಾಯಚೂರಿನ ಹಿತ್ತಲು

ರಾಯಚೂರು ನಗರ ಕಲ್ಲಿನ ಊರು. ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಭಾರಿ ಬಂಡೆಯೊಂದಿದೆ. ಅಂಥ ಬಂಡೆಯನ್ನು ಬಂಡಿಯ ಮೇಲೆ ಎಳೆದು ತರುತ್ತಿರುವ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ಊರ ನಡುವೆಯೇ ಬೋಳುಗುಡ್ಡ, ಸುತ್ತಲೂ ಬಂಡೆ. ಹಗಲೆಲ್ಲ ಕಾದ ಈ ಕಲ್ಲು ರಾತ್ರಿಯಿಡೀ ಶಾಖವನ್ನು ಹೊರಗೆ ಬಿಡುತ್ತಿರುತ್ತದೆ. ಆದ್ದರಿಂದ ಇಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹಿತವಾದ ಹೊತ್ತೆಂದರೆ ನಸುಕಿನ ಎರಡು ಮೂರು ತಾಸು ಮಾತ್ರ. ಹಿತ್ತಲಿನ ಕೆಲಸವೆಲ್ಲ ಈ ಅವಧಿಯಲ್ಲೇ ಮುಗಿಯಬೇಕು.

ಹಿತ್ತಲೆಂದರೆ ದೊಡ್ಡ ತೋಟವೇನಲ್ಲ. ಒಂದು ಬೇವಿನ ಮರ, ಒಂದು ನುಗ್ಗೆ, ಕರಿಬೇವು, ನಿಂಬೆ, ದಾಸವಾಳ, ತುಳಸಿಕಟ್ಟೆ, ಗೋಡೆಗೆ ಹಬ್ಬಿದ ಮಲ್ಲಿಗೆ. ಎಲ್ಲ ಗಿಡಗಳೂ ಬಾಡುವ ಕಾಲದಲ್ಲಿ ಮಲ್ಲಿಗೆಗೆ ಮಾತ್ರ ಸುಗ್ಗಿ. ಒಣಹವೆಯಲ್ಲಿ ಎಲೆ ಉದುರಿಸಿಕೊಂಡು ವಿಶ್ರಾಂತಿ ಪಡೆದ ಬಳ್ಳಿಗೆ ಬೇಸಿಗೆಯ ಮೊದಲಲ್ಲಿ ಒಂದಿಷ್ಟು ನೀರು, ಗೊಬ್ಬರ ಬಿದ್ದರೆ ಮೊಗ್ಗು ಬಿಡಲು ಆರಂಭಿಸುತ್ತದೆ.

ಎರಡು ನದಿಗಳ ನಡುವಣ ನಾಡು ಇದು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಆದರೂ ಬೇಸಿಗೆಯಲ್ಲಿ ಗೃಹಿಣಿಯ ಲೆಕ್ಕಾಚಾರವೆಲ್ಲ ಕೊಡದ ಲೆಕ್ಕವೇ. 2022ರ ಬೇಸಿಗೆಯ ಕೊನೆಯಲ್ಲಿ ನಗರದಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡ ಮೇಲಂತೂ, ನಳದಲ್ಲಿ ಬಂದ ನೀರನ್ನು ಮೊದಲು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ಬೆಳೆದಿದೆ. ಕುಡಿಯುವ ನೀರು ಬೇರೆ, ಬಳಸುವ ನೀರು ಬೇರೆ. ಬಳಸಿದ ನೀರಿಗೂ ಇನ್ನೊಂದು ಸರತಿ ಉಂಟು. ಅಕ್ಕಿ ತೊಳೆದ ನೀರು ಕರಿಬೇವಿಗೆ, ತರಕಾರಿ ತೊಳೆದದ್ದು ತುಳಸಿಗೆ, ಬಚ್ಚಲ ನೀರು ನುಗ್ಗೆಯ ಬುಡಕ್ಕೆ. ಯಾವ ನೀರೂ ಒಂದೇ ಸಲಕ್ಕೆ ಮೋರಿ ಸೇರುವುದಿಲ್ಲ.

ಇನ್ನೂ ಜಾಣತನದ ಉಪಾಯವೊಂದಿದೆ. ಮೆರುಗು ಕೊಡದ ಮಣ್ಣಿನ ಮಡಕೆಯನ್ನು ಗಿಡದ ಪಕ್ಕದಲ್ಲಿ ಕುತ್ತಿಗೆಯವರೆಗೆ ಹೂತು, ನೀರು ತುಂಬಿಸಿ, ಮೇಲೆ ಮುಚ್ಚಳ ಇಡುವುದು. ಮಡಕೆಯ ಸೂಕ್ಷ್ಮರಂಧ್ರಗಳಿಂದ ನೀರು ಒಸರುತ್ತದೆ. ಸುತ್ತಲಿನ ಮಣ್ಣು ಒಣಗಿದಷ್ಟೂ ಹೆಚ್ಚು ಒಸರುತ್ತದೆ, ಹಸಿಯಿದ್ದರೆ ನಿಧಾನವಾಗುತ್ತದೆ. ಗಿಡಕ್ಕೆ ಬೇಕಾದಷ್ಟನ್ನು ಮಣ್ಣೇ ಕೇಳಿ ಪಡೆದಂತೆ. ಬುಡದ ಸುತ್ತ ಶೇಂಗಾ ಸಿಪ್ಪೆಯನ್ನೋ ಒಣ ಎಲೆಯನ್ನೋ ನಾಲ್ಕು ಬೆರಳು ದಪ್ಪ ಹರಡಿಬಿಟ್ಟರೆ ಬಿಸಿಲು ನೇರವಾಗಿ ಮಣ್ಣಿಗೆ ತಾಗುವುದಿಲ್ಲ. ಅದರಲ್ಲೂ ಇಲ್ಲಿನ ಎರೆಮಣ್ಣಿಗೆ ಈ ಹೊದಿಕೆ ಬೇಕೇ ಬೇಕು. ಹಸಿಯಾದಾಗ ಉಬ್ಬಿ, ಒಣಗಿದಾಗ ಕುಗ್ಗುವ ಜೇಡಿಕಣಗಳು ಅದರಲ್ಲಿ ಹೇರಳ. ಬೇಸಿಗೆಯಲ್ಲಿ ಕೈ ಇಳಿಸುವಷ್ಟು ಬಿರುಕು ಬಿಟ್ಟಾಗ ಎಳೆಯ ಬೇರುಗಳು ಹರಿದುಹೋಗುತ್ತವೆ. ಮನುಷ್ಯನಿಗೆ ಚಳಿಗಾಲದಲ್ಲಿ ಹೊದಿಕೆ ಬೇಕಾದರೆ ಮಣ್ಣಿಗೆ ಬೇಸಿಗೆಯಲ್ಲಿ ಬೇಕು.

ಸೂರ್ಯ ಬೇವಿನ ಮರದ ತುದಿ ಮುಟ್ಟುವ ಹೊತ್ತಿಗೆ ಹಿತ್ತಲ ಗೋಡೆಯ ಮೇಲಿಂದ ಬೆಕ್ಕು ಇಳಿದು ಬರುತ್ತದೆ. ರಾತ್ರಿಯ ಪಾಳಿ ಮುಗಿಸಿದ ಕಾವಲುಗಾರನ ಗತ್ತು ಅದರದು. ತಟ್ಟೆಯಲ್ಲಿಟ್ಟ ಹಾಲು ಕುಡಿದು ನೇರವಾಗಿ ನೀರಿನ ಹರವಿಯ ಕಡೆಗೆ ನಡೆಯುತ್ತದೆ.

ನಡುಹಗಲು: ಮಾನ್ವಿಯ ಪಡಸಾಲೆ

ರಾಯಚೂರಿನಿಂದ ಮಾನ್ವಿಗೆ ಸುಮಾರು 45 ಕಿಲೋಮೀಟರು. ಹರಿಕಥಾಮೃತಸಾರದ ಜಗನ್ನಾಥದಾಸರು ಬಾಳಿದ ಊರು. 1953ರಲ್ಲಿ ತುಂಗಭದ್ರಾ ಜಲಾಶಯ ಕಾಲುವೆಗಳಿಗೆ ನೀರು ಬಿಟ್ಟ ಮೇಲೆ ಎಡದಂಡೆ ಕಾಲುವೆ ಈ ಸೀಮೆಯ ಬದುಕನ್ನೇ ಬದಲಿಸಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು. ಆದರೆ ಕಾಲುವೆಯ ಭಾಗ್ಯ ಜಲಾಶಯದ ಮರ್ಜಿಯಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಲ್ಲಿನ ರೈತರು ನಿದ್ದೆಗೆಟ್ಟು ಕಾದದ್ದು ಇದೇ ಕಾರಣಕ್ಕೆ. ಬೇಸಿಗೆಯಲ್ಲಿ ನೀರು ನಿಂತು ಕಾಲುವೆ ಒಣಗಿದರೆ ಗದ್ದೆಯ ಕೆಲಸವೂ ನಿಲ್ಲುತ್ತದೆ.

ಒಗಟಿನ ಮೊದಲ ಉತ್ತರ ಇಲ್ಲಿದೆ. ಹೊಲ ಖಾಲಿಯಿದ್ದಾಗ ಕೈ ಖಾಲಿ. ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ತಲೆ ಹಾಕುವಂತಿಲ್ಲ. ಮಣ್ಣಿನ ಮಾಳಿಗೆಯ ಹಳೆಯ ಮನೆಗಳಲ್ಲಿ ದಪ್ಪ ಗೋಡೆ, ನೆಲಕ್ಕೆ ಶಹಾಬಾದಿನ ಪರಸಿ ಕಲ್ಲು. ಬಾಗಿಲು, ಕಿಟಕಿ ಮುಚ್ಚಿದರೆ ಒಳಗೆ ಹೊರಗಿಗಿಂತ ಎಷ್ಟೋ ತಂಪು. ಅಂಥ ಪಡಸಾಲೆಯಲ್ಲಿ ಓಣಿಯ ನಾಲ್ಕು ಹೆಂಗಸರು ಸೇರುತ್ತಾರೆ. ನಡುವೆ ಹಳೆಯ ಸೀರೆಯೊಂದು ಹರಡಿಕೊಳ್ಳುತ್ತದೆ.

ಎರಡನೆಯ ಉತ್ತರ ಬಿಸಿಲೇ ಕೊಡುತ್ತದೆ. ಕೌದಿಗೆ ಹಾಕುವ ಹಳೆಯ ಬಟ್ಟೆಯನ್ನೆಲ್ಲ ಮೊದಲು ಒಗೆದು ಗರಿಗರಿಯಾಗಿ ಒಣಗಿಸಬೇಕು. ಪದರಗಳ ನಡುವೆ ಪಸೆ ಉಳಿದರೆ ಮುಗ್ಗಲು ಹಿಡಿಯುತ್ತದೆ. ಮೇ ತಿಂಗಳ ಬಿಸಿಲಿಗಿಂತ ಒಳ್ಳೆಯ ಒಣಗಿಸುವ ಯಂತ್ರ ಯಾವುದಿದೆ? ರೋಹಿಣಿ ಮಳೆ ಬೀಳುವುದರೊಳಗೆ ಹೊಲಿದು ಮುಗಿಸಿದರೆ ಸರಿ, ಇಲ್ಲದಿದ್ದರೆ ಬಿತ್ತನೆಯ ಗಡಿಬಿಡಿಯಲ್ಲಿ ಮೂಲೆ ಸೇರುತ್ತದೆ.

ಕೌದಿಯ ರಚನೆ ಸರಳ. ಕೆಳಗೊಂದು ಪೂರ್ತಿ ಸೀರೆ, ನಡುವೆ ಹರಿದ ದೋತರ, ಅಂಗಿ, ಲಂಗಗಳ ತುಂಡು, ಮೇಲೆ ಬಣ್ಣಬಣ್ಣದ ತೇಪೆ. ಇಳಕಲ್ ಸೀರೆಯ ದಡಿ ಅಂಚಿಗೆ, ಗುಳೇದಗುಡ್ಡದ ಖಣದ ತುಣುಕು ನಡುವಿಗೆ. ಅಂಚಿನಿಂದ ಹೊರಟ ಹೊಲಿಗೆ ಸುತ್ತು ಹಾಕುತ್ತ ಹಾಕುತ್ತ ಒಳಗೆ ಸರಿದು ನಡುವನ್ನು ಮುಟ್ಟುತ್ತದೆ. ಅಳತೆಪಟ್ಟಿ ಇಲ್ಲ, ಗೆರೆ ಎಳೆಯುವುದಿಲ್ಲ. ಬೆರಳ ಅಂದಾಜೇ ಅಳತೆ. ಒಂದೇ ಕೌದಿಗೆ ನಾಲ್ಕು ಕೈ ಸೇರಿದಾಗ ಯಾವ ಸಾಲು ಯಾರದು ಎಂಬುದನ್ನು ಹೊಲಿಗೆ ನೋಡಿಯೇ ಹೇಳುತ್ತಾರೆ.

"ಇದು ನಿನ್ನ ಮದುವಿ ಸೀರಿ ಅಲ್ಲೇನ ಅಕ್ಕಾ?" ಎಂದು ಒಬ್ಬಳು ಕೇಳಿದರೆ, "ಮದುವಿದಲ್ಲವಾ, ಸೀಮಂತದ್ದು" ಎಂದು ಇನ್ನೊಬ್ಬಳು ತಿದ್ದುತ್ತಾಳೆ. ಹೀಗೆ ಒಂದೊಂದು ತೇಪೆಗೂ ಒಂದೊಂದು ಕತೆ. ತೀರಿಹೋದ ಅತ್ತೆಯ ಕುಪ್ಪಸ, ಮಗನ ಶಾಲೆಯ ಅಂಗಿ, ಮಗಳ ಲಂಗ. ಫೋಟೋ ಆಲ್ಬಂ ಇಲ್ಲದ ಮನೆಗಳಲ್ಲಿ ಕೌದಿಯೇ ಆಲ್ಬಂ.

ಹಳೆಯ ಬಟ್ಟೆಗೆ ಎರಡನೆಯ ಜನ್ಮ ಕೊಡುವ ಈ ವಿದ್ಯೆ ಒಂದೇ ಸೀಮೆಯದಲ್ಲ. ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕವಂದ್, ಬಂಗಾಳದ ಕಾಂಥಾ, ಬಿಹಾರದ ಸುಜನಿ ಇದೇ ಬಳಗದವು. ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಮಹಿಳೆಯರು ಹರಿದ ಕೆಲಸದ ಬಟ್ಟೆಗಳಿಂದ ಹೊಲಿದ ಹೊದಿಕೆಗಳನ್ನು 2002ರಲ್ಲಿ ಹ್ಯೂಸ್ಟನ್ ಮತ್ತು ನ್ಯೂಯಾರ್ಕಿನ ದೊಡ್ಡ ವಸ್ತು ಸಂಗ್ರಹಾಲಯಗಳು ಗೋಡೆಗೇರಿಸಿ ಪ್ರದರ್ಶಿಸಿದವು. ಮಾನ್ವಿಯ ಕೌದಿ ಇನ್ನೂ ಹಾಸಿಗೆಯ ಮೇಲೆಯೇ ಇದೆ.

ಆದರೆ ಎಷ್ಟು ದಿನ ಎಂಬುದು ಪ್ರಶ್ನೆ. ಕೌದಿಯ ಜೀವ ಇರುವುದು ಹತ್ತಿಯಲ್ಲಿ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ನೂರಕ್ಕೆ ಏಳೆಂಟು ಪಾಲು ತೇವವನ್ನು ಹೀರಿಟ್ಟುಕೊಳ್ಳಬಲ್ಲದು. ಪಾಲಿಯೆಸ್ಟರಿಗೆ ಅರ್ಧ ಪಾಲೂ ಸಾಧ್ಯವಿಲ್ಲ. ಹತ್ತಿಯ ಕೌದಿ ಬೆವರನ್ನು ಕುಡಿದು ಗಾಳಿಗೆ ಬಿಡುತ್ತದೆ, ಪದರಗಳ ನಡುವೆ ಸಿಕ್ಕ ಗಾಳಿ ಚಳಿಯನ್ನು ತಡೆಯುತ್ತದೆ. ಆದ್ದರಿಂದಲೇ ಅದನ್ನು ಬೇಸಿಗೆಯಲ್ಲಿ ಹಾಸಲೂಬಹುದು, ಚಳಿಗಾಲದಲ್ಲಿ ಹೊದೆಯಲೂಬಹುದು. ಈಗ ನಿತ್ಯ ಉಡುವ ಸೀರೆಗಳೇ ಪಾಲಿಯೆಸ್ಟರು. ಅವು ಹರಿಯುವುದೂ ಇಲ್ಲ, ಹೊಲಿದರೆ ಜಾರುತ್ತವೆ, ಹೊದ್ದರೆ ಸೆಕೆ. ಸಂತೆಯಲ್ಲಿ ಮಿರುಗುವ ಮಿಂಕ್ ಬ್ಲಾಂಕೆಟ್ಟು ಅಗ್ಗಕ್ಕೆ ಸಿಗುತ್ತದೆ. ಓಣಿ ಓಣಿ ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಅಲೆಮಾರಿ ಸಮುದಾಯಗಳ ಹೆಂಗಸರಿಗೆ ಇದು ನೇರವಾಗಿ ಹೊಟ್ಟೆಯ ಪೆಟ್ಟು.

ಇಷ್ಟೆಲ್ಲ ಮಾತಿನ ನಡುವೆ ಹರವಿಯ ಬುಡದಲ್ಲಿ ಬೆಕ್ಕು ಕಾಲು ಚಾಚಿ ಮಲಗಿರುತ್ತದೆ. ಮನೆಯಲ್ಲಿ ಅತ್ಯಂತ ತಂಪಾದ ಜಾಗ ಯಾವುದು ಎಂದು ತಿಳಿಯಲು ಉಷ್ಣಮಾಪಕ ಬೇಕಿಲ್ಲ, ಬೆಕ್ಕು ಎಲ್ಲಿದೆ ಎಂದು ನೋಡಿದರೆ ಸಾಕು. ಒಂದು ಗ್ರಾಂ ನೀರು ಆವಿಯಾಗಲು 580 ಕ್ಯಾಲೊರಿಯಷ್ಟು ಶಾಖ ಬೇಕು. ಹರವಿಯ ಮೈಯಿಂದ ಒಸರಿದ ನೀರು ಆ ಶಾಖವನ್ನು ಹರವಿಯಿಂದ, ಕೆಳಗಿನ ಮರಳಿನಿಂದ ಎಳೆದುಕೊಳ್ಳುತ್ತದೆ. ಬೆಕ್ಕು ಮನುಷ್ಯನಂತೆ ಮೈಯೆಲ್ಲ ಬೆವರಲಾರದು. ಅದರ ಬೆವರು ಅಂಗಾಲಿಗೆ ಮಾತ್ರ ಸೀಮಿತ. ಆದ್ದರಿಂದ ಮೈ ನೆಕ್ಕಿಕೊಳ್ಳುತ್ತದೆ. ಹಚ್ಚಿದ ಜೊಲ್ಲು ಆರಿದಾಗ ಮೈ ತಂಪಾಗುತ್ತದೆ. ಹರವಿಯದೂ ಬೆಕ್ಕಿನದೂ ಒಂದೇ ಸೂತ್ರ.

ಅದರ ಪೂರ್ವಿಕರು ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣನಾಡಿನ ಕಾಡುಬೆಕ್ಕುಗಳು. ಬಿಸಿಲನ್ನು ಸಹಿಸುವ, ಹಗಲು ಮಲಗಿ ಮುಂಜಾವು, ಮುಸ್ಸಂಜೆಗಳಲ್ಲಿ ಬೇಟೆಯಾಡುವ ಗುಣ ಅಲ್ಲಿಂದಲೇ ಬಂದದ್ದು. ಧಾನ್ಯದ ಕಣಜಕ್ಕೆ ಬಂದ ಇಲಿಯನ್ನು ಹಿಡಿಯುತ್ತ ಮನೆ ಸೇರಿದ ಪ್ರಾಣಿ ಇಂದು ಕೌದಿಯ ಗಂಟನ್ನೂ ಕಾಯುತ್ತದೆ. ಮೆತ್ತನೆಯ ಹತ್ತಿಬಟ್ಟೆಯೆಂದರೆ ಇಲಿಗೆ ಗೂಡು ಕಟ್ಟಲು ಸಿದ್ಧವಸ್ತು. ಬೆಕ್ಕಿಲ್ಲದ ಮನೆಯಲ್ಲಿ ಕೌದಿ ಬಾಳುವುದು ಕಷ್ಟ.

ಸಂಜೆ: ದೇವದುರ್ಗದ ಮಾಳಿಗೆ

ರಾಯಚೂರಿನಿಂದ ಗಬ್ಬೂರು ದಾಟಿ ದೇವದುರ್ಗದ ಕಡೆ ಹೊರಟರೆ ಹಾದಿಯ ಎಷ್ಟೋ ಹಳ್ಳಿ, ತಾಂಡಾಗಳಲ್ಲಿ ಬೇಸಿಗೆಯಲ್ಲಿ ಒಂದು ದೃಶ್ಯ ಕಾಣುತ್ತದೆ. ಸಾಲುಸಾಲು ಮನೆಗಳಿಗೆ ಬೀಗ. ಅಲ್ಲೊಂದು ಇಲ್ಲೊಂದು ತೆರೆದ ಬಾಗಿಲಲ್ಲಿ ಮುದುಕಿ, ಅವಳ ಮಗ್ಗುಲಲ್ಲಿ ಮೊಮ್ಮಗು ಅಥವಾ ಬೆಕ್ಕು. ಉಳಿದವರೆಲ್ಲ ಗುಳೆ ಹೋಗಿದ್ದಾರೆ. ನಾರಾಯಣಪುರ ಬಲದಂಡೆ ಕಾಲುವೆ ಈ ತಾಲ್ಲೂಕಿಗೆ ನೀರು ತಂದಿದೆ. ಆದರೆ ಎಲ್ಲ ಹೊಲಗಳಿಗೂ ಅಲ್ಲ, ಎಲ್ಲ ಕೈಗಳಿಗೂ ಅಲ್ಲ. ಹಿಂಗಾರಿನ ರಾಶಿ ಮುಗಿದರೆ ಬೆಂಗಳೂರಿನ ಕಟ್ಟಡ ಕೆಲಸವೇ ಗತಿ.

ಒಗಟಿನ ಕೊನೆಯ ಉತ್ತರ, ಬಹುಶಃ ನಿಜವಾದ ಉತ್ತರ, ಈ ತೆರೆದ ಬಾಗಿಲುಗಳಲ್ಲಿದೆ. ಕೌದಿ ಹೊಲಿಯುತ್ತಿರುವ ಮುದುಕಿಗೆ ಅದು ಬೇಕಿಲ್ಲ. ರಾತ್ರಿ ಒಂದು ಚಾಪೆ ಸಾಕು. ಬೇಕಾಗಿರುವುದು ಕೆಲಸದ ಜಾಗದ ತಗಡಿನ ಶೆಡ್ಡಿನಲ್ಲಿ ಸಿಮೆಂಟು ನೆಲದ ಮೇಲೆ ಮಲಗುವ ಮಗ, ಸೊಸೆಗೆ, ಅಲ್ಲಿಯೇ ಹುಟ್ಟಿದ ಕೂಸಿಗೆ. ಯುಗಾದಿಗೋ ಜಾತ್ರೆಗೋ ಬಂದ ಮಗ ತಿರುಗಿ ಹೊರಟಾಗ ಅವಳು ಹೇಳುವ ಮಾತು ಒಂದೇ: "ಅಲ್ಲಿ ಥಂಡಿ ಭಾಳ ಅಂತಪ್ಪಾ. ಕೂಸಿಗಿ ಹೊಚ್ಚಾಕ ಇರಲಿ, ತಗೊಂಡು ಹೋಗು." ನಲವತ್ತು ಡಿಗ್ರಿಯ ಊರಿನವರಿಗೆ ಬೆಂಗಳೂರಿನ ಜೂನ್ ತಿಂಗಳ ಗಾಳಿಯೂ ಚಳಿಯೇ.

ಈ ಜಿಲ್ಲೆ ರಾಜಧಾನಿಗೆ ಕಳಿಸುತ್ತಿರುವುದು ಸ್ವಲ್ಪವೇನಲ್ಲ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಕಲ್ಲಿದ್ದಲಿನ ಬೂದಿ, ಬಿಸಿ ಇಲ್ಲಿ ಉಳಿಯುತ್ತದೆ, ಬೆಳಕು ನಾಡಿಗೆಲ್ಲ ಹೋಗುತ್ತದೆ. ಅಕ್ಕಿ ಹೋಗುತ್ತದೆ, ಹತ್ತಿ ಹೋಗುತ್ತದೆ, ದುಡಿಯುವ ಕೈ ಹೋಗುತ್ತದೆ. ಅವುಗಳ ಹಿಂದೆ, ಬಸ್ಸಿನ ಸೀಟಿನ ಕೆಳಗೆ ಹಗ್ಗ ಬಿಗಿದ ಗಂಟಾಗಿ, ಕೌದಿಯೂ ಹೋಗುತ್ತದೆ. ಬೆಲೆ ಕಟ್ಟದೆ ಹೋಗುವುದು ಇದೊಂದೇ.

ಹಿಂದೆ ಉಳಿದ ಮನೆಯೂ ಬದಲಾಗುತ್ತಿದೆ. ಗುಳೆಯ ದುಡ್ಡಿನಲ್ಲಿ ಮಣ್ಣಿನ ಮಾಳಿಗೆ ಹೋಗಿ ಆರ್‌ಸಿಸಿ ಬರುತ್ತಿದೆ. ಅದು ತಪ್ಪೆಂದು ಹೇಳಲು ಯಾರಿಗೂ ಹಕ್ಕಿಲ್ಲ. ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕಷ್ಟ ಅದರಡಿ ಮಲಗಿದವರಿಗೇ ಗೊತ್ತು. ಆದರೆ ಹಗಲೆಲ್ಲ ಕಾದ ಕಾಂಕ್ರೀಟು ನಡುರಾತ್ರಿಯವರೆಗೂ ಒಳಗೆ ಬಿಸಿ ಸುರಿಯುತ್ತದೆ. ಅಂಗಳಕ್ಕೂ ಸಿಮೆಂಟು ಬಳಿದರೆ ಗಿಡಕ್ಕೆ ಜಾಗವಿಲ್ಲ, ಗಿಡವಿಲ್ಲದಿದ್ದರೆ ನೆರಳಿಲ್ಲ. ಹೊಸ ಮನೆ ಕಟ್ಟುವಾಗ ಅಂಗಳದ ಒಂದು ಮೂಲೆಯನ್ನು ಮಣ್ಣಾಗಿಯೇ ಬಿಟ್ಟು ಒಂದು ಬೇವು ನೆಟ್ಟರೆ, ಛಾವಣಿಗೆ ಸುಣ್ಣ ಬಳಿದರೆ ಈ ಬಿಸಿಯನ್ನು ಅಷ್ಟಿಷ್ಟು ಕಡಿಮೆ ಮಾಡಬಹುದು. ಇದಕ್ಕೆ ಎಂಜಿನಿಯರು ಬೇಕಿಲ್ಲ.

ಹೊತ್ತು ಮುಳುಗಿದ ಮೇಲೆ ಮಾಳಿಗೆಗೆ ನಾಲ್ಕು ಕೊಡ ನೀರು ಚಿಮುಕಿಸುತ್ತಾರೆ. ಮಣ್ಣಿನ ವಾಸನೆ ಏಳುತ್ತದೆ. ಕೆಳಗೆ ಮಲ್ಲಿಗೆ ಅರಳುತ್ತದೆ. ಮುದುಕಿ ಏಣಿ ಹತ್ತಿ ಬಂದು ಚಾಪೆ ಹಾಸಿ, ಅರ್ಧ ಹೊಲಿದ ಕೌದಿಯನ್ನೇ ಮಡಿಸಿ ತಲೆದಿಂಬು ಮಾಡಿಕೊಳ್ಳುತ್ತಾಳೆ. ಹಗಲೆಲ್ಲ ಹರವಿಯ ಬುಡ ಬಿಟ್ಟು ಕದಲದ ಬೆಕ್ಕು ಈಗ ಮೈಮುರಿದು ಎದ್ದು, ಒಮ್ಮೆ ಅವಳ ಕಾಲಿಗೆ ಮೈಯುಜ್ಜಿ, ಗೋಡೆಯ ಮೇಲಿಂದ ಕತ್ತಲೆಗೆ ಇಳಿಯುತ್ತದೆ. ರೋಹಿಣಿ ಮಳೆಗೆ ಇನ್ನು ಕೆಲವೇ ದಿನ. ಕೌದಿಯ ನಡುವಿನಲ್ಲಿ ಇನ್ನೂ ಮೂರು ಸುತ್ತು ಹೊಲಿಗೆ ಬಾಕಿ ಇದೆ.